ಹದಿನೈದನೆಯ ಫಾರಂ

ವಸತಿರಹಿತರ ಸಮೀಕ್ಷೆಗೆ ನನ್ನನ್ನು ಹಾಕಿದ್ದು ಮಂಡಿ ಮೊಹಲ್ಲಾಕ್ಕೆ. ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ ಜಗಲಿಗಳ ಮೇಲೆ ಮಲಗಿದವರನ್ನು ಎಬ್ಬಿಸಿ ಹೆಸರು, ಊರು, ವಯಸ್ಸು ಬರೆದುಕೊಳ್ಳಬೇಕು. ಮೂರನೆಯ ದಿನಕ್ಕೇ ನನಗೆ ಸಾಕಾಗಿಹೋಗಿತ್ತು. ಎಬ್ಬಿಸಿದರೆ ಬಯ್ಗುಳ, ಇಲ್ಲದಿದ್ದರೆ ಮುಸುಕು ಎಳೆದುಕೊಂಡು ಮತ್ತೆ ನಿದ್ದೆ.

ಅವತ್ತು ಬೀದಿ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಅವಸ್ಥೆ ನೋಡಿ ಹತ್ತಿರ ಬಂದರು. ಗೌರಮ್ಮ ಅಂತ ಹೆಸರು.

"ಯಾಕ್ ಮೇಡಮ್ಮೋರೆ ಎಬ್ಬುಸ್ತೀರಿ? ನನ್ನ ಕೇಳಿ, ಯೋಳ್ತೀನಿ."

ಬೀದಿಯುದ್ದಕ್ಕೂ ಜೊತೆಗೆ ನಡೆದು ಒಬ್ಬೊಬ್ಬರ ಹೆಸರು, ಊರು, ಕಾಯಿಲೆ ಸಮೇತ ಹೇಳಿದರು. ಒಂದು ಗಂಟೆಯಲ್ಲಿ ಹದಿನಾಲ್ಕು ಫಾರಂ ತುಂಬಿದವು.

"ನಿಮ್ಮ ಮನೆ ಎಲ್ಲಮ್ಮ?" ಅಂತ ಸುಮ್ಮನೆ ಕೇಳಿದೆ.

ಅವರು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದನಿ ತಗ್ಗಿಸಿದರು. "ಆ ಗೋಣಿಚೀಲದಂಗಡಿ ಜಗಲಿ ಕಣ್ರವ್ವ. ಆದ್ರೆ ನನ್ನ ಬರೀಬೇಡಿ. ಮಗಳನ್ನ ಚಾಮರಾಜಪುರಂಗೆ ಕೊಟ್ಟಿವ್ನಿ. ನಾನು ಯಾರದೋ ಮನೇಲಿ ಕೆಲಸಕ್ಕಿದ್ದು ಅಲ್ಲೇ ಮಲಗ್ತೀನಿ ಅಂತ ಬೀಗರು ಅನ್ಕಂಡವ್ರೆ. ಗೊತ್ತಾದ್ರೆ ಅವಳಿಗೇ ಅಲ್ವಾ ಮಾತು?"

ಕಂಡವರನ್ನೆಲ್ಲ ಬರೆಯಲೇಬೇಕು ಅನ್ನುವುದು ನಿಯಮ. ಹದಿನೈದನೆಯ ಫಾರಂ ತೆಗೆದವಳು ಅವರ ಮುಖ ನೋಡಿ ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಕಚೇರಿಯಲ್ಲಿ ಮೇಲ್ವಿಚಾರಕರಿಗೆ ಪಟ್ಟಿ ನೋಡಿ ಖುಷಿಯಾಯಿತು. "ಇಷ್ಟು ಚೆನ್ನಾಗಿ ಮಾಹಿತಿ ಕೊಟ್ಟೋರು ಯಾರ್ರೀ? ಸ್ಥಳೀಯ ನಿವಾಸಿ ಅಂತ ಕಾಲಂ ಇದೆಯಲ್ಲ, ಅಲ್ಲಿ ಬರೀರಿ" ಅಂದರು.

'ಗೌರಮ್ಮ, ನಿವಾಸಿ, ಮಂಡಿ ಮೊಹಲ್ಲಾ' ಅಂತ ಬರೆದು ಸಹಿ ಹಾಕಿದೆ. ಅಷ್ಟು ದಿನ ಅಲೆದು ನಾನು ವಸತಿ ಕೊಡಿಸಿದ್ದು ಅವರೊಬ್ಬರಿಗೇ.