ಖಾಜಾ ಚಾಚಾನ ಎಡಗೈ

ಖಾಜಾ ಚಾಚಾ ಸ್ಕೂಟರಿನ ಮೇಲೆ ಯಾವತ್ತೂ ನೆಟ್ಟಗೆ ಕೂತವರಲ್ಲ. ಸೊಂಟದ ಮೇಲಿನ ಮೈಯೆಲ್ಲ ಬಲಕ್ಕೆ ವಾಲಿರುತ್ತಿತ್ತು. ಸುರಪುರದ ಬಜಾರಿಗೆ ಹೊಸದಾಗಿ ಬಂದವರು ನೋಡಿದರೆ, ಪಾಪ, ಮುದುಕರ ಬೆನ್ನು ಸೊಟ್ಟ ಎಂದುಕೊಳ್ಳಬೇಕು. ಬೆನ್ನು ಸರಿಯಾಗಿಯೇ ಇತ್ತು. ಅವರ ಹೆಂಡತಿ ಶಂಶಾದ್ ಚಾಚಿ ಹಿಂದಿನ ಸೀಟಿನಲ್ಲಿ ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂರುತ್ತಿದ್ದರು. ಆ ಭಾರವನ್ನು ಸರಿದೂಗಿಸಲು ಚಾಚಾ ಬಲಕ್ಕೆ ವಾಲುತ್ತಿದ್ದರು. ವರ್ಷಗಟ್ಟಲೆ ಹಾಗೆ ಓಡಿಸಿ, ಕೊನೆಗೆ ಚಾಚಿ ಹಿಂದೆ ಕೂತಿಲ್ಲದಾಗಲೂ ಮೈ ತಾನಾಗಿ ವಾಲತೊಡಗಿತ್ತು.

"ಹಿಂದ ಯಾರೂ ಇಲ್ಲಲ್ರಿ ಚಾಚಾ, ಯಾಕ ವಾಲೀರಿ?" ಎಂದು ನಾನು ಕೆಣಕುತ್ತಿದ್ದೆ.

"ಅಕಿ ಇಲ್ಲಂತ ನನ್ನ ಮೈಗಿ ಯಾರು ಹೇಳಬೇಕು ಬೇಟಿ?" ಎನ್ನುತ್ತಿದ್ದರು.

ನಾನು ಇಲ್ಲಿನ ಹೈಸ್ಕೂಲಿಗೆ ಟೀಚರಾಗಿ ಬಂದಾಗ ಬಾಡಿಗೆಗೆ ಹಿಡಿದದ್ದು ಅವರ ಪಕ್ಕದ ಮನೆ. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಚಾಚಾ ಬಜಾರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಕಾಬಾದ ಚಿತ್ರ, ಎಲ್ಲವೂ ಅಲ್ಲಿ ಒಂದೇ ಗೋಡೆಗೆ ಒರಗಿ ಗಾಜಿಗಾಗಿ ಕಾಯುತ್ತಿದ್ದವು. ತೀರಿಕೊಂಡವರ ಫೋಟೋ ತಂದವರನ್ನು ಚಾಚಾ ಎಂದೂ ಕಾಯಿಸುತ್ತಿರಲಿಲ್ಲ. ಮದುವೆಯವರನ್ನು ಮಾತ್ರ ಮನಸಾರೆ ಸತಾಯಿಸುತ್ತಿದ್ದರು. "ನಿಮಗೇನ್ ಅವಸರ್ರಿ? ಇಬ್ರೂ ಎದುರಾಎದುರ ಕುಂತೀರಿ, ಫೋಟೋ ಯಾಕ ಬೇಕು?" ಎನ್ನುವರು.

ಅವರ ಸ್ಕೂಟರು ಲ್ಯಾಂಬ್ರೆಟಾ. ನಾರಾಯಣಪುರ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ಇವರಿಗೆ ಕೊಟ್ಟು ಹೋದದ್ದು. ಅದರ ಮೇಲೆ ಗಂಡ ಹೆಂಡತಿ ಗಾಜು ತರಲು ಯಾದಗಿರಿಗೆ ಹೋಗುತ್ತಿದ್ದರು. ಹಿಂದಿರುಗಿ ಬರುವಾಗ ದೊಡ್ಡ ಗಾಜಿನ ಹಾಳೆಯನ್ನು ಕೌದಿಯಲ್ಲಿ ಸುತ್ತಿ, ಚಾಚಿ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಎದೆಗೆ ಅವಚಿಕೊಳ್ಳುತ್ತಿದ್ದರು. ಭೀಮಾ ಸೇತುವೆಯ ಗಾಳಿ, ಶಹಾಪುರದ ಗದ್ದಲ, ಆಮೇಲೆ ಲಾರಿಗಳು ಹರಿದು ಹಾಳಾದ ರಸ್ತೆ, ಇಷ್ಟನ್ನೂ ದಾಟಿ ಗಾಜು ಇಡಿಯಾಗಿ ಮನೆ ಸೇರುತ್ತಿತ್ತು. ಯಾರಾದರೂ ಹೊಗಳಿದರೆ ಚಾಚಾ ತಮ್ಮ ಪಾಲಿಗೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. "ಗಾಡಿ ಹೊಡ್ಯಾಂವ ನಾನು ಅಷ್ಟ. ಜೀವಾ ಹಿಡಕೊಂಡು ಕುಂದ್ರಾಕಿ ಅಕಿ."

ಕೊನೆಗೆ ಸೋತದ್ದು ಗಾಡಿಯಲ್ಲ, ಮೊಣಕಾಲುಗಳು. ಕಿಕ್ ಹೊಡೆಯಲು ಚಾಚಾನ ಬಲಗಾಲು ಏಳದಾಯಿತು. ಎತ್ತರದ ಹಿಂದಿನ ಸೀಟಿಗೆ ಏರಲು ಚಾಚಿಯ ಕಾಲು ಒಲ್ಲೆನ್ನತೊಡಗಿತು. ಶಹಾಪುರದ ಮೆಕ್ಯಾನಿಕ್ ಒಬ್ಬ ಲ್ಯಾಂಬ್ರೆಟಾವನ್ನು ಮಗುವಿನಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ಒಯ್ದ. ಚಾಚಾ ಗುಂಡಿ ಒತ್ತಿದರೆ ಚಾಲೂ ಆಗುವ, ಗೇರಿಲ್ಲದ, ಅಗಲ ಸೀಟಿನ ಹೊಸ ವೆಸ್ಪಾ ತಂದರು. ಬಜಾರಿನವರು ಸುಮ್ಮನಿರುತ್ತಾರೆಯೇ? "ಏನ್ರಿ ಚಾಚಾ, ಪಾರ್ಟಿ ಬದಲ್ ಮಾಡಿದ್ರಿ?" ಎಂದು ರೇಗಿಸಿದರು.

"ಪಾರ್ಟಿ ಅದೇ ಅದರಿ. ಎರಡರ ತವರೂ ಇಟಲಿ. ಅಕ್ಕ ಹೋದ್ಲು, ತಂಗಿ ಬಂದ್ಲು" ಎಂದರು ಚಾಚಾ.

ಮನೆಯಲ್ಲಿ ಚಾಚಿ ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು, "ತವರ ಒಂದಾದ್ರ ಗುಣ ಒಂದ ಆಗ್ತದೇನು?" ಎಂದು ಕೇಳಿದ್ದರು. ಚಾಚಾ ಜೋರಾಗಿ ನಕ್ಕರು. ನಾನೂ ನಕ್ಕೆ.

ಅಕ್ಕತಂಗಿಯರ ಗುಣ ಬೇರೆಯಾದದ್ದು ಎಡಗೈಯಲ್ಲಿ. ಲ್ಯಾಂಬ್ರೆಟಾದಲ್ಲಿ ಎಡಗೈಗೆ ಸಿಗುವುದು ಕ್ಲಚ್ಚು. ಗಾಡಿ ನಿಧಾನ ಮಾಡಬೇಕೆಂದರೆ ಚಾಚಾನ ಎಡಗೈ ಮೊದಲು ಅದನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು, ಬ್ರೇಕಿನ ಕೆಲಸ ಬಲಗಾಲಿನದು. ವೆಸ್ಪಾದಲ್ಲಿ ಕ್ಲಚ್ಚೇ ಇಲ್ಲ. ಅದೇ ಜಾಗದಲ್ಲಿ ಇರುವುದು ಒಂದು ಬ್ರೇಕು, ಬಲಗೈಗೆ ಇನ್ನೊಂದು. ಇದು ಚಾಚಾನಿಗೆ ಗೊತ್ತಿರಲಿಲ್ಲವೆಂದಲ್ಲ. ಅವರಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಮೊದಲ ಸಲ ಅದರ ಮೇಲೆ ಯಾದಗಿರಿಯಿಂದ ಗಾಜು ತರುತ್ತಿದ್ದರು. ಸುರಪುರ ಬಂದೇಬಿಟ್ಟಿತ್ತು. ಊರ ಹೊರಗಿನ ರಸ್ತೆಯ ಉಬ್ಬು ಕಂಡ ಕೂಡಲೇ ಎಡಗೈ ತನ್ನ ಹಳೆಯ ಕೆಲಸ ಮಾಡಿತು. ಕ್ಲಚ್ಚು ಎಂದು ಪೂರ್ತಿ ಹಿಚುಕಿದ್ದು ಬ್ರೇಕನ್ನು. ಗಾಡಿ ಗಕ್ಕನೆ ನಿಂತು ಅಡ್ಡಬಿತ್ತು. ಚಾಚಾನಿಗೆ ತರಚು ಗಾಯ ಅಷ್ಟೇ. ಚಾಚಿ ಗಾಜನ್ನು ಬಿಡಲಿಲ್ಲ. ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಒಡೆದ ಗಾಜು ಅವರ ಅಂಗೈಯನ್ನು ಸೀಳಿತು. ಹೊಲಿಗೆ ಬಿದ್ದು, ಗಾಯ ಮಾಯಿತು. ಆದರೆ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ರೊಟ್ಟಿ ಬಡಿಯುವ ಸದ್ದು ನನ್ನ ಗೋಡೆಯಾಚೆ ನಿಂತುಹೋಯಿತು. ಆ ಮೌನಕ್ಕೆ ನಾನು ಒಬ್ಬಳೇ ಕೂತು ಅತ್ತಿದ್ದೇನೆ.

ಕೈ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಚಾಚಾ ಗಾಡಿ ಬಾಗಿಲಿಗೆ ತಂದು ನಿಲ್ಲಿಸಿ, "ಬರ್ತೀ? ಕೆಂಭಾವಿ ಸಂತಿಗಿ ಹೋಗಿ ಬರೋಣು" ಎಂದು ಕೇಳಿದರು. ನಾನು ಅಂಗಳದಲ್ಲೇ ಇದ್ದೆ. ಚಾಚಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಡಿ ಚಲೋ ಅದ. ನಾ ಬಸ್ಸಿನ್ಯಾಗ ಬರ್ತೀನಿ" ಎಂದರು.

ಚಾಚಿ ಬಸ್ಸು ಹತ್ತಿದರು. ಚಾಚಾ ಆ ಬಸ್ಸಿನ ಹಿಂದೆಯೇ ಧೂಳು ಕುಡಿಯುತ್ತ ವೆಸ್ಪಾ ಓಡಿಸಿಕೊಂಡು ಹೋದರು, ವಾಪಸ್ಸೂ ಹಾಗೆಯೇ ಬಂದರು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಚಾಚಿ ಎಲ್ಲಿಗೆ ಹೊರಟರೂ ಬಸ್ಸು. ಬಸ್ಸಿನ ಹಿಂದೆ ಖಾಲಿ ಸೀಟಿನ ವೆಸ್ಪಾ. ಆ ದಾರಿಯ ಡ್ರೈವರುಗಳೆಲ್ಲ ಅವರನ್ನು ಗುರುತು ಹಿಡಿದು, ಕನ್ನಡಿಯಲ್ಲಿ ಅವರು ಹಿಂದುಳಿದದ್ದು ಕಂಡರೆ ಬಸ್ಸನ್ನು ಸ್ವಲ್ಪ ನಿಧಾನ ಮಾಡುತ್ತಿದ್ದರಂತೆ. ಊರವರಿಗೆ ಇದು ತಮಾಷೆ. ನನಗೆ ಆ ತಮಾಷೆ ಸೇರುತ್ತಿರಲಿಲ್ಲ.

ಆಮೇಲೆ ಚಾಚಾ ಎಡಗೈಗೆ ಪಾಠ ಹೇಳಲು ಕೂತರು. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಈದ್ಗಾ ಪಕ್ಕದ ಬಯಲಿಗೆ ಹೋಗುವುದು. ಅಂಗಡಿಯಲ್ಲಿ ಪಟ ತೂಗುಹಾಕಲು ಕಟ್ಟುವ ನೂಲಿನಿಂದ ಎಡಗೈ ಬೆರಳುಗಳನ್ನು ಹ್ಯಾಂಡಲ್ಲಿಗೇ ಬಿಗಿಯುವುದು. ಕಲ್ಲು ಮಣ್ಣು ಗುಡ್ಡೆ ಹಾಕಿ ತಾವೇ ಮಾಡಿದ ಉಬ್ಬಿನತ್ತ ನಿಧಾನ ಹೋಗಿ, ಬಲಗೈ ಬ್ರೇಕಿನಿಂದ ಗಾಡಿ ನಿಲ್ಲಿಸುವುದು. ಎಡಗೈ ಮಿಸುಕಿದರೆ ನೂಲು ಬೆರಳನ್ನು ಕೊಯ್ಯುತ್ತಿತ್ತು. ಕೊಯ್ಯಲಿ ಎಂದೇ ತೆಳು ನೂಲು ಕಟ್ಟುತ್ತಿದ್ದರೆಂದು ನನ್ನ ಗುಮಾನಿ.

ಒಂದು ದಿನ ನನ್ನನ್ನು ತಡೆದು, "ಬೇಟಿ, ನೀ ಒಂದೀಟು ಹಿಂದ ಕುಂದರ್ತೀ? ಭಾರ ಇಲ್ದ ಕೈ ಖರೇ ಹೇಳೂದಿಲ್ಲ. ನಿನ್ನ ಚಾಚಿ ಮುಂದ ಅನ್ನಬ್ಯಾಡ" ಎಂದರು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಎರಡೂ ಕಾಲು ಎಡಕ್ಕೆ ಬಿಟ್ಟು ಚಾಚಿಯ ಹಾಗೆಯೇ ಕೂತೆ. ಮೊದಮೊದಲು ಉಬ್ಬು ಹತ್ತಿರವಾದಂತೆ ಆ ಕೈಯ ನರಗಳು ಉಬ್ಬುವುದು ಕಾಣುತ್ತಿತ್ತು. ಚಳಿಗಾಲ ಕಳೆಯಿತು. ಚಾಚಾ ನೂಲು ಬಿಚ್ಚಿ ಓಡಿಸತೊಡಗಿದರು. ಒಂದು ಬೆಳಿಗ್ಗೆ ಉಬ್ಬಿನ ಮುಂದೆ ನಾಯಿಯೊಂದು ಥಟ್ಟನೆ ಅಡ್ಡ ಬಂತು. ಚಾಚಾ ಗಾಡಿಯನ್ನು ಮೆತ್ತಗೆ ನಿಲ್ಲಿಸಿದರು. ನಾನು ಬಗ್ಗಿ ನೋಡಿದೆ. ಎಡಗೈ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಕೂತಿತ್ತು.

"ಇನ್ನೇನ್ರಿ ಚಾಚಾ, ಮನಿಗಿ ಹೋಗಿ ಕೇಳ್ರಿ" ಎಂದೆ, ಖುಷಿಯಿಂದ.

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಒಮ್ಮಿ ಕೇಳಿ ಇಲ್ಲ ಅನಿಸಿಕೊಂಡೇನಿ ಬೇಟಿ. ಎರಡನೇ ಸಲ ಕೇಳಾಕ ಮುಖ ಬೇಕು. ಅಕಿ ಕೈ ನೋಡಿದ ಮ್ಯಾಲ ಆ ಮುಖ ಎಲ್ಲಿಂದ ತರ್ಲಿ?"

"ನಿಮಗ ಆಗದಿದ್ರ ನಾ ಕೇಳ್ತೀನಿ."

"ಬ್ಯಾಡ. ಕೆಡವಿದಾಂವ ನಾನು. ನಾನ ಕೇಳಬೇಕು. ಇನ್ನೊಂದೀಟು ದಿನ ನೋಡ್ತೀನಿ, ಕೈ ಪಕ್ಕಾ ಆಗ್ಲಿ."

ಕೈ ಪಕ್ಕಾ ಆಗಿತ್ತು. ಬಾಯಿ ಆಗಲಿಲ್ಲ. ಪಕ್ಕದ ಮನೆಯಲ್ಲಿ ಅಷ್ಟು ಮಾತಾಡುವ ಮನುಷ್ಯ, ಬಜಾರಿನಲ್ಲಿ ಎಲ್ಲರ ಕಾಲೆಳೆಯುವ ಮನುಷ್ಯ, ಹೆಂಡತಿಗೆ ಒಂದು ಮಾತು ಕೇಳಲಾರದೆ ಬಸ್ಸಿನ ಹಿಂದೆ ಹೋಗುತ್ತಲೇ ಇದ್ದರು. ನನಗೆ ಅವರ ಮೇಲೆ ಕರುಣೆಗಿಂತ ಸಿಟ್ಟೇ ಹೆಚ್ಚಾಗುತ್ತಿತ್ತು.

ಆ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದರಂತೆ. ನಾನು ಶಾಲೆಯಿಂದ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಜಾರು ಬಾಗಿಲು ಹಾಕಿತು. ಅವರದೊಂದು ಒಳ್ಳೆಯ ಫೋಟೋ ಹುಡುಕಿದರೆ ಮನೆಯಲ್ಲಿ ಒಂದೂ ಸಿಗಲಿಲ್ಲ.

ಗಂಡ ತೀರಿದ ಮೇಲೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ದಿನಗಳು ಕಳೆದ ಮೇಲೆ ಚಾಚಿ ಹುಣಸಗಿಯ ತಮ್ಮನ ಮನೆಗೆ ಹೋಗಿ ಇರುವುದೆಂದಾಯಿತು. ಸಾಮಾನೆಲ್ಲ ಮೊದಲೇ ಟೆಂಪೋದಲ್ಲಿ ಹೋಗಿತ್ತು. ಹೊರಡುವ ದಿನ ನಾನು ಆಟೋ ಕರೆಯಲು ಹೊರಟಾಗ ಚಾಚಿ ವೆಸ್ಪಾದ ಕೀಲಿಕೈ ತಂದು ನನ್ನ ಕೈಯಲ್ಲಿಟ್ಟರು. "ಆಟೋ ಬ್ಯಾಡ. ಬಸ್ ಸ್ಟ್ಯಾಂಡ್ ತನಕ ಇದರ ಮ್ಯಾಲೇ ಬಿಡು."

ನಾನು ಗಾಡಿ ಚಾಲೂ ಮಾಡಿದೆ. ಚಾಚಿ ನನ್ನ ಹೆಗಲು ಹಿಡಿದು ನಿಧಾನಕ್ಕೆ ಏರಿ ಕೂತರು. ಮಡಚದ ಎರಡು ಬೆರಳು ನನ್ನ ಹೆಗಲಿಗೆ ಒತ್ತುತ್ತಿದ್ದವು. ಬಜಾರಿನ ಇಳಿಜಾರಿನಲ್ಲಿ, ಮುಚ್ಚಿದ ಅಂಗಡಿಯ ಮುಂದೆ ಹಾದು ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು ಕೇಳಿದರು.

"ಸುನಂದಾ, ಇವರು ಕಲತಿದ್ರೇನು?"

"ಪೂರಾ ಕಲತಿದ್ರು ಚಾಚಿ. ನಾನ ಹಿಂದ ಕುಂತಿದ್ದೆ. ನಾಯಿ ಅಡ್ಡ ಬಂದ್ರೂ ಕೈ ಅಲುಗಾಡಲಿಲ್ಲ."

"ಗೊತ್ತದ. ಮಾಳಗಿ ಮ್ಯಾಲಿಂದ ಈದ್ಗಾ ಬಯಲು ಕಾಣ್ತದ, ದಿನಾ ನಿಂತು ನೋಡ್ತಿದ್ದೆ."

ನನಗೆ ದುಃಖವೂ ಸಿಟ್ಟೂ ಒಟ್ಟಿಗೆ ಉಕ್ಕಿ ಬಂದವು. "ಗೊತ್ತಿದ್ದೂ ಮತ್ಯಾಕ ಕುಂದರಲಿಲ್ರಿ?" ಎಂದು ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ.

ಹುಣಸಗಿ ಬಸ್ಸು ಬಂದು ನಿಂತಿತ್ತು. ಚಾಚಿ ಅದರತ್ತ ಒಂದು ಹೆಜ್ಜೆ ಇಟ್ಟು ನಿಂತರು.

"ಇನ್ನೊಮ್ಮಿ ಕೇಳ್ತಾರ ಅಂತ ಕಾಯಾಕತ್ತಿದ್ದೆ ಬೇಟಿ."