ಜಗುಲಿ ಮೇಲೆ ಮಲಗಿದ ಬೀರು

ಬೀರು ಅನ್ನೋದು ನಮ್ಮದೇ ಮಾತು ಅಂದುಕೊಂಡೇ ನಲವತ್ತು ದಾಟಿದೆ. ಟಿ. ನರಸೀಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಮೊನ್ನೆ ದಪ್ಪ ನಿಘಂಟಿನಲ್ಲಿ ಬೇರೇನೋ ಹುಡುಕುವಾಗ ಇದು ಕಣ್ಣಿಗೆ ಬಿತ್ತು. ಮೂಲ ಫ್ರೆಂಚರ ಬ್ಯೂರೋ ಅಂತೆ. ಮೊದಲು ಅದು ಒರಟು ಉಣ್ಣೆಯ ಬಟ್ಟೆ, ಅಂದರೆ ನಮ್ಮ ಕಂಬಳಿಯಂಥದ್ದು. ಅದನ್ನು ಹಾಸಿ ಬರೆಯುತ್ತಿದ್ದ ಮೇಜಿಗೂ ಅದೇ ಹೆಸರಾಯಿತು, ಆಮೇಲೆ ಆ ಮೇಜಿದ್ದ ಕೋಣೆಗೆ, ಕೊನೆಗೆ ಕಚೇರಿಗೆ. ಜರ್ಮನರೂ ಪೋಲೆಂಡಿನವರೂ ಈಗಲೂ ಆಫೀಸಿಗೆ ಹಾಗೇ ಅನ್ನುತ್ತಾರೆ. ಸ್ವೀಡನ್ನಿನವರಿಗೆ ಕಚೇರಿಯೂ ಅದೇ, ಬಟ್ಟೆ ಇಡುವ ಖಾನೆಪೆಟ್ಟಿಗೆಯೂ ಅದೇ. ಇಂಗ್ಲಿಷಿನವರ ಕೈ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕಬ್ಬಿಣದ ಬೀರು ಆಗಿತ್ತು.

ಓದಿ ನಗು ಬಂತು. ಅಷ್ಟು ದೇಶದವರು ಸೇರಿ ಮಾಡಿದ್ದನ್ನು ನಾನೊಬ್ಬಳೇ ಗಂಡನ ಊರು ಹೆಮ್ಮಿಗೆಯಲ್ಲಿ ಮಾಡಿದ್ದೆ.

ಮದುವೆಗೆ ಹೆಣ್ಣಿನ ಕಡೆಯವರು ಬೀರು ಕೊಡೋದು ನಮ್ಮಲ್ಲಿ ವಾಡಿಕೆ. ಅಪ್ಪ ನಂಜನಗೂಡಿನ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿದರು. ಗಂಡಿನ ಮನೆಯ ಬಾಗಿಲು ಎಷ್ಟಗಲ ಅಂತ ಮಾತ್ರ ಕೇಳಲಿಲ್ಲ. ಟ್ರ್ಯಾಕ್ಟರಿನಿಂದ ಇಳಿಸಿದ ಬೀರು ಯಾವ ಕಡೆಯಿಂದ ತೂರಿಸಿದರೂ ಒಳಗೆ ಹೋಗಲೊಲ್ಲದು. ಬಾಗಿಲು ಒಡೆದು ಅಗಲ ಮಾಡೋಣವೆಂದರೆ ನಾದಿನಿ ಬಾಣಂತನಕ್ಕೆ ಬಂದಿದ್ದಳು. ಬಸುರಿ ಇರುವ ಮನೆಯಲ್ಲಿ ಗೋಡೆ ಮುಟ್ಟುವಂತಿಲ್ಲ. ಜಗುಲಿಯ ಹಂಚಿನ ಸೂರು ತಗ್ಗು, ಅಲ್ಲಿ ನಿಲ್ಲಿಸೋಕೂ ಆಗದೆ ಅಂಗಾತ ಮಲಗಿಸಿದರು. ಬಣ್ಣ ಕೆತ್ತಿಹೋಗಬಾರದು ಅಂತ ಅತ್ತೆ ಅದರ ಮೇಲೆ ತಮ್ಮ ಕಂಬಳಿ ಹೊದಿಸಿದರು.

ನನಗೆ ಬಿ.ಎ. ಕೊನೇ ವರ್ಷದ ಪರೀಕ್ಷೆ ಬಾಕಿ ಇತ್ತು. ಅದನ್ನು ಬಿಟ್ಟರೆ ಮೇಷ್ಟರ ಕೆಲಸದ ಆಸೆಯನ್ನೂ ಬಿಟ್ಟಂಗೆ. ಆ ಮನೆಯಲ್ಲೋ, ಕೂತು ಬರೆಯೋಕೆ ಒಂದು ಮೂಲೆಯಿಲ್ಲ. ಚಕ್ಕಳಮಕ್ಕಳ ಹಾಕಿ ಕೂತರೆ ಬೀರು ಸರಿಯಾಗಿ ಎದೆಮಟ್ಟಕ್ಕೆ ಬರುತ್ತಿತ್ತು. ಬೆಳಗಿನ ಕೆಲಸ ಮುಗಿಸಿದವಳೇ ಪುಸ್ತಕ ಹರಡಿಕೊಂಡು ಕೂತುಬಿಡುತ್ತಿದ್ದೆ. ಬೀದೀಲಿ ಹೋಗೋರೆಲ್ಲ ಕತ್ತು ತಿರುಗಿಸಿ ನೋಡೋರು. ನೋಡಲಿ, ನನಗೇನಂತೆ.

ನಾದಿನಿಗೆ ಕೂಸು ಹುಟ್ಟಿತು, ಮೈಲಿಗೆ ಕಳೆಯಿತು, ಬಾಗಿಲೂ ಅಗಲವಾಯಿತು. ಪರೀಕ್ಷೆಗೆ ಇನ್ನು ಮೂರು ವಾರ. ಒಂದು ಬೆಳಿಗ್ಗೆ ಅತ್ತೆ ನಾಲ್ಕು ಆಳು ಕರೆಸಿದರು. "ಏಳವ್ವ, ಸೊಸೆ ತಂದ ಬೀರುನ ಎಣ ಮಲಗ್ಸಿದಂಗೆ ಮಲಗ್ಸವ್ರೆ ಅಂತ ಊರೆಲ್ಲ ನಗ್ತಾ ಅದೆ."

"ಪರೀಕ್ಷೆ ಮುಗಿಯೋತನಕ ಇದನ್ನ ಎತ್ತೋಕೆ ಬಿಡಲ್ಲ," ಅಂದೆ. ಮದುವೆಯಾಗಿ ಆರು ತಿಂಗಳಾಗಿಲ್ಲ, ಅತ್ತೆಗೆ ಎದುರಾಡಿದ್ದೆ. ಬೀರು ಮೇಲೆ ಎರಡೂ ಕೈ ಊರಿ ಕೂತೆ. ಎತ್ತೋದಾದರೆ ನನ್ನನ್ನೂ ಸೇರಿಸಿ ಎತ್ತಲಿ ಅನ್ನೋ ಹಟ.

ಅತ್ತೆ ಬಂದು ಪುಸ್ತಕ ಸರಿಸಿ ಕಂಬಳಿ ನೋಡಿದರು. ಅಂಗೈಯಗಲ ಇಂಕಿನ ಕಲೆ. ಬಯ್ಯುತ್ತಾರೆ ಅಂದುಕೊಂಡೆ. ಕಲೆ ಮೇಲೆ ಬೆರಳಾಡಿಸಿ, "ಇಷ್ಟೊಂದು ಬರ್ದಿದ್ದೀಯಾ? ಇನ್ನೂ ಬರೀಬೇಕಾ?" ಅಂದರು.

"ಬರೀಬೇಕು."

ಅವರು ಆಳುಗಳ ಕಡೆ ತಿರುಗಿದರು.

"ಒಂದು ತಿಂಗ್ಳು ಬುಟ್ಟು ಬನ್ರಪ್ಪಾ," ಅಂದರು. "ಇಲ್ಲಿ ಆಪೀಸು ನಡೀತಾ ಅದೆ."