ಬೋಗಾದಿಗೆ ಹೋಗುತ್ತಿದ್ದ ಮಿಲಿಟರಿಯವರು

ಕಳೆದ ವಾರ ಸೊಸೆ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ತಿರುವುತ್ತಿದ್ದಳು. ನಡುಮನೆಯಲ್ಲಿ ಕೂತಿದ್ದ ನನಗೆ ಆ ವಾಸನೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಸೀದ ವಾಸನೆ. ನಜರ್‌ಬಾದಿನ ನಮ್ಮ ವಠಾರದಲ್ಲಿ ಎಲ್ಲರ ಮನೆಯಲ್ಲೂ ರಾಗಿ ಬೇಯುತ್ತಿದ್ದರೆ, ಈ ವಾಸನೆ ಬರುತ್ತಿದ್ದುದು ಒಂದೇ ಮನೆಯಿಂದ. ನಮ್ಮ ಪಕ್ಕದ ಮಿಲಿಟರಿಯವರ ಮನೆಯಿಂದ...

ನಾನು ಮದುವೆಯಾಗಿ ಆ ವಠಾರಕ್ಕೆ ಬಂದಾಗ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಅವರಾಗಲೇ ಸೈನ್ಯ ಬಿಟ್ಟು ಮೋಟಾರು ರಿಪೇರಿ ಕೆಲಸಕ್ಕೆ ಸೇರಿದ್ದರು. ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಲಾರಿ ಓಡಿಸುತ್ತಿದ್ದವರು. ಮರಳುಗಾಡಿನಲ್ಲಿ ಸೆರೆಸಿಕ್ಕಿ, ಇಟಲಿಯ ಕ್ಯಾಂಪಿನಲ್ಲಿದ್ದು, ಅಲ್ಲಿಂದ ತಪ್ಪಿಸಿಕೊಂಡು ಬಂದವರು. ಇಂಥವರಿಗೆ ಬೇರೆಲ್ಲಾದರೂ ಹಾರ ಹಾಕುತ್ತಿದ್ದರೇನೋ. ನಮ್ಮಲ್ಲಿ ಅವರು ಅಂಗಳಕ್ಕೆ ಕಾಲಿಟ್ಟರೆ ನಲ್ಲಿಯ ಹತ್ತಿರದ ಮಾತು ನಿಂತುಹೋಗುತ್ತಿತ್ತು.

ಕಾರಣವಿತ್ತು. ತಪ್ಪಿಸಿಕೊಂಡವರು ಇಬ್ಬರು, ಬಂದವರು ಒಬ್ಬರೇ. ಜೊತೆಗಿದ್ದವನು ಬೋಗಾದಿಯವನು. ಬೋಗಾದಿ ಆಗ ಹೊಲಗಳ ನಡುವಿನ ಹಳ್ಳಿ. ಅವನೇನಾದ ಎಂದು ಯಾರಾದರೂ ಕೇಳಿದರೆ ಇವರು "ಅಲ್ಲೇ ಉಳಿದ" ಎಂದಷ್ಟೇ ಹೇಳಿ ಬೀಡಿ ಹಚ್ಚುತ್ತಿದ್ದರು. ಉಳಿದ ಎಂದರೆ ಏನರ್ಥ? ಸತ್ತನೋ, ಮತ್ತೆ ಸಿಕ್ಕಿಬಿದ್ದನೋ, ಇಲ್ಲಾ ಇವರೇ ಹಿಡಿದುಕೊಟ್ಟು ಪಾರಾದರೋ?

ನಮ್ಮತ್ತೆಯಂತೂ ಅವರ ಮೇಲೆ ಒಂದು ಕಣ್ಣಿಟ್ಟೇ ಇದ್ದರು. "ಭಾನುವಾರ ಬಂತಂದ್ರೆ ಗೋಣೀಲಿ ಏನೋ ಸುತ್ಕೊಂಡು ಸೈಕಲ್ ಹತ್ಬುಡ್ತಾನೆ. ಎಲ್ಲಿಗೆ ಅಂತ ಕೇಳು, ಬಾಯೇ ಬಿಡಲ್ಲ. ಎಲ್ಲೋ ಇನ್ನೊಂದು ಸಂಸಾರ ಇರ್ಬೇಕು ಕಣಮ್ಮ" ಎನ್ನುತ್ತಿದ್ದರು. ಮಿಲಿಟರಿಯವರ ಮನೆಯ ಬಾಗಿಲಿನ ಮೇಲೂ ಅನುಮಾನ. ಆ ಮನೆಗೆ ಒಳಗಿನಿಂದ ಅಗುಳಿ ಹಾಕುತ್ತಲೇ ಇರಲಿಲ್ಲ. ಯಾರಿಗಾಗಿ ತೆಗೆದಿಟ್ಟಿರುತ್ತಾನೆ ಎಂದು ವಠಾರ ಪಿಸುಗುಡುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. "ಅಗುಳಿ ಹಾಕಿದ್ರೆ ಅವರಿಗೆ ಉಸಿರು ಕಟ್ಟುತ್ತೆ ಕಣೇ" ಎಂದು ಅಕ್ಕ ಒಮ್ಮೆ ನನಗೊಬ್ಬಳಿಗೇ ಹೇಳಿದ್ದರು.

ಕೊನೆಗೆ ಹಾಲಿನವನಿಂದ ಸುದ್ದಿ ಬಂತು. ಗೋಣಿಯಲ್ಲಿ ಇರುತ್ತಿದ್ದುದು ಗುದ್ದಲಿ. ಪ್ರತಿ ಭಾನುವಾರ ಅವರು ಬೋಗಾದಿಯಲ್ಲಿ ಆ ಬಾರದವನ ತಾಯಿಯ ಹೊಲ ಅಗೆಯುತ್ತಿದ್ದರು. ಇದರಿಂದ ಅನುಮಾನ ಕರಗಬೇಕಿತ್ತು. ಬದಲಿಗೆ ಇನ್ನೂ ಗಟ್ಟಿಯಾಯಿತು. ಪಾಪ ಮಾಡದವನು ಇನ್ನೊಬ್ಬರ ಹೊಲದಲ್ಲಿ ಯಾಕೆ ಬೆವರು ಸುರಿಸುತ್ತಾನೆ ಎಂದರು.

ಆ ತಾಯಿ ತೀರಿಕೊಂಡರು. ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ, ನಾನೂ ಅಕ್ಕನೂ ಅವರ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಒಬ್ಬ ಹೆಂಗಸು ನೇರ ಅಂಗಳಕ್ಕೆ ಬಂದಳು. ಮುಖ ಬಿಸಿಲಿಗೆ ಒಣಗಿತ್ತು. ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಬಳೆ. ಬಾರದವನ ಹೆಂಡತಿ.

ಕೂರಮ್ಮ ಎಂದರೂ ಕೂರಲಿಲ್ಲ. ಮಿಲಿಟರಿಯವರು ಒಳಗಿನಿಂದ ಬರುತ್ತಲೇ ಕೇಳಿದಳು: "ನಮ್ಮತ್ತೆ ತೀರ್ಕಂಡ್ರು. ಇನ್ನೇನು ಮುಚ್ಚಿಡಾದು? ನನ್ನ ಗಂಡನ್ನ ಏನು ಮಾಡುದ್ರಿ, ಹೇಳಿ. ಸತ್ತಿದ್ರೆ ಇಲ್ಲೇ ಬಳೆ ಒಡ್ಕೋತೀನಿ."

ವಠಾರವೆಲ್ಲ ಬಾಗಿಲಿಗೆ ಬಂತು.

"ಒಡ್ಕೋಬೇಡಿ. ನಾನು ಹೊರಟಾಗ ಅವನು ಬದುಕಿದ್ದ" ಎಂದರು ಅವರು.

ಆಮೇಲೆ ನಿಂತಲ್ಲೇ ಎಲ್ಲ ಹೇಳಿದರು. ಇಟಲಿ ಶರಣಾದ ಸುದ್ದಿಗೆ ಕಾವಲಿನವರು ಗಾಬರಿಯಲ್ಲಿದ್ದ ಒಂದು ದಿನ ಇಬ್ಬರೂ ತಂತಿಬೇಲಿಯ ಕೆಳಗೆ ನುಸುಳಿದ್ದರು. ಬೆಟ್ಟದ ಮೇಲೆ ಕುರಿ ಸಾಕುವ ಒಂದು ಮನೆಯವರು ಚಳಿಗಾಲವಿಡೀ ಕುರಿದೊಡ್ಡಿಯಲ್ಲಿ ಬಚ್ಚಿಟ್ಟು, ಮುಸುಕಿನ ಜೋಳದ ಹಿಟ್ಟು ಬೇಯಿಸಿ ಹಾಕಿದರು. ಬ್ರಿಟಿಷರ ಸೈನ್ಯ ಹತ್ತಿರ ಬಂತೆಂದು ಗೊತ್ತಾದಾಗ ಇವರು ಹೊರಟರು, ಅವನು ಹೊರಡಲಿಲ್ಲ. ಆ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಳು.

"ನನ್ನ ಕಾಯ್ಬೇಡ ಅಂತ ನಿಮಗೆ ಹೇಳು ಅಂದು ಕಳಿಸಿದ್ದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬಂದ ವಾರವೇ ನಿಮ್ಮತ್ತೆಗೆ ಹೇಳ್ದೆ ಕಣಮ್ಮ. ಸೊಸೆ ಕಿವಿಗೆ ಹಾಕ್ಬೇಡ, ಅವಳು ಇನ್ನೊಬ್ಬನ್ನ ಕಟ್ಕೊಂಡು ಹೊರಟುಹೋದ್ರೆ ನನಗ್ಯಾರು ದಿಕ್ಕು ಅಂತ ಅತ್ತರು. ಮಾದಪ್ಪನ ಆಣೆ ಹಾಕಿಸ್ಕೊಂಡ್ರು."

"ಸತ್ತೋರ ತಲೆಗೆ ಕಟ್ತೀರಾ? ಸಾಕ್ಷಿ ಹೇಳಕೆ ಅವರು ಎದ್ದು ಬರ್ತಾರಾ?"

ಅಲ್ಲಿದ್ದ ಯಾರೂ ಅವರ ಮಾತು ನಂಬಲಿಲ್ಲ. ಒಳ್ಳೆ ಹೊತ್ತು ನೋಡಿ ಹೊಸೆದ ಕಥೆ ಎಂದೇ ನನಗೂ ಅನ್ನಿಸಿತು. ಆಕೆ ಸೆರಗು ಬಿಗಿದು ತಿರುಗಿದಳು. ಎರಡು ಹೆಜ್ಜೆ ನಡೆದು, ಜಗಲಿಯ ಕಂಬ ಹಿಡಿದು ನಿಂತಳು.

"ನಮ್ಮತ್ತೆ ಒಂದು ದಿನಾನೂ ಹರಕೆ ಕಟ್ಲಿಲ್ಲ..." ತನಗೆ ತಾನೇ ಹೇಳಿಕೊಂಡಂತಿತ್ತು. "ಎಮ್ಮೆ ತಪ್ಪಿಸ್ಕಂಡ್ರೆ ಮಾದಪ್ಪಂಗೆ ಹರಕೆ ಹೊರೋರು. ಮಗ ಬರ್ಲಿ ಅಂತ ಕಟ್ಟಿ ಅಂದ್ರೆ, ಬೇಡ ಬುಡು ಅನ್ನೋರು. ಯಾಕೆ ಅಂತ ನಂಗೆ ಇವತ್ತಿನವರೆಗೂ ಹೊಳೀಲೇ ಇಲ್ಲ."

ಅವಳು ಮಿಲಿಟರಿಯವರ ಕಡೆ ತಿರುಗಿದಳು. ಈಗ ಗಟ್ಟಿ ದನಿ ಇರಲಿಲ್ಲ.

"ಅವನು ಬುಟ್ಟೋದ, ಅದು ಅವನ ಪಾಪ. ನೀವು ವಾರ ವಾರ ಬಂದು ನನ್ನ ಕೈಯಿಂದ ನೀರು ಈಸ್ಕೊಂಡು ಕುಡಿದ್ರಲ್ಲ. ನಾನು ಅವನ ದಾರಿ ನೋಡ್ತಿರೋದು ಕಾಣ್ತಿತ್ತಲ್ಲ ನಿಮಗೆ. ನೀವೂ ನಮ್ಮತ್ತೇನೂ ಸೇರ್ಕಂಡು ನನ್ನ ವಯಸ್ಸು ತಿಂದ್ಬುಟ್ರಿ."

ಅವರು ಕೈಮುಗಿದರು. ಹೊರಟ ಮುತ್ತೈದೆಗೆ ಕೊಡಬೇಕೆಂದು ಅಕ್ಕ ಅಭ್ಯಾಸಬಲದಿಂದ ಕುಂಕುಮದ ಬಟ್ಟಲು ತಂದರು. ಕೊಡಬೇಕೋ ಬೇಡವೋ ತಿಳಿಯದೆ ಹೊಸಿಲಲ್ಲೇ ನಿಂತುಬಿಟ್ಟರು... ಅಷ್ಟರಲ್ಲಿ ಅವಳು ಬೀದಿ ದಾಟಿದ್ದಳು.

ಮುಂದಿನ ವರ್ಷ ಅವಳು ಹುಣಸೂರಿನ ಕಡೆಯ ಒಬ್ಬ ವಿಧುರನೊಂದಿಗೆ ಕೂಡಿಕೆಯಾಗಿ ಹೊಸ ಸಂಸಾರ ಹೂಡಿದಳೆಂದು ಹಾಲಿನವನೇ ತಿಳಿಸಿದ. ಮಿಲಿಟರಿಯವರು ಮತ್ತೆ ಬೋಗಾದಿಗೆ ಹೋಗಲಿಲ್ಲ. ಭಾನುವಾರ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ವಠಾರದ ಅನುಮಾನ ಸಾಯಲಿಲ್ಲ, ದಾರಿ ಬದಲಿಸಿತು ಅಷ್ಟೆ. "ಆ ಬೆಟ್ಟದ ಹುಡುಗಿ ಜೊತೆ ಇದ್ದೋನು ಇವನೇ ಇರ್ಬೇಕು, ಯಾರಿಗೆ ಗೊತ್ತು" ಎಂದರು ನಮ್ಮತ್ತೆ. ಅರವತ್ತರ ದಶಕದ ಮೊದಲಲ್ಲಿ, ಕೆಲಸದ ಜಾಗದಲ್ಲೇ ಎದೆನೋವು ಬಂದು ಮಿಲಿಟರಿಯವರು ತೀರಿಹೋದರು. ಅಕ್ಕ ತಮ್ಮ ಅಣ್ಣನ ಊರಿಗೆ ಹೊರಟರು. ಆಮೇಲೆ ಅವರ ಸುದ್ದಿಯೇ ಇಲ್ಲ.

ಆ ವಠಾರವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಬೋಗಾದಿಯವನೇಕೆ ಬರಲಿಲ್ಲ ಎಂದು ನಾವೆಲ್ಲ ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆವು. ಮಿಲಿಟರಿಯವರು ಯಾರನ್ನು ನೆನೆದು ಆ ಬೆಟ್ಟ ಇಳಿದರು, ಯಾವ ಆಸೆಯಿಂದ ಅಷ್ಟು ದೂರ ನಡೆದು ಬಂದರು ಎಂದು ಯಾರೂ ಕೇಳಲಿಲ್ಲ. ಅಕ್ಕನಿಗೆ ಗೊತ್ತಿದ್ದಿರಬೇಕು... ಕೇಳಬೇಕು ಅನ್ನಿಸುವ ಹೊತ್ತಿಗೆ ಉತ್ತರ ಹೇಳುವವರು ಯಾರೂ ಉಳಿದಿಲ್ಲ.